ತೊನ್ನು ಯಾರ ಪಾಪ?

ನಮ್ಮ ಅತ್ತೆಗೆ ತೊನ್ನಿತ್ತು. ಅತ್ತೆ ಅಂದ್ರೆ ಅಪ್ಪನ ಒಡಹುಟ್ಟಿದ ತಂಗಿ. ಮೊದಲು ತುಟಿಯ ಅಂಚಿನಲ್ಲಿ ಒಂದು ಬಿಳಿ ಚುಕ್ಕೆ ಕಾಣಿಸಿಕೊಂಡಿತು. ಎಲೆಅಡಿಕೆಯ ಸುಣ್ಣ ತಾಗಿರಬೇಕು ಅಂತ ಎಲ್ಲರೂ ಸುಮ್ಮನಿದ್ದರು. ಎರಡು ವರ್ಷದೊಳಗೆ ಅದು ಬೆರಳ ತುದಿಗೆ, ಮೊಣಕೈಗೆ, ಕಾಲಿನ ಗಿಣ್ಣಿಗೆ ಹಬ್ಬಿತು. ಆಗ ಅವಳಿಗೆ ಹದಿನೇಳೋ ಹದಿನೆಂಟೋ. ಗೊತ್ತಾಗಿದ್ದ ಗಂಡು ತಪ್ಪಿಹೋಯ್ತು. ಆಮೇಲೆ ಕೇಳಿಕೊಂಡು ಬಂದವರೂ ಇಲ್ಲ. ಕೂಲಿಗೆ ಹೋದರೆ ನಾಟಿ ಸಾಲಿನಲ್ಲಿ ಅವಳನ್ನು ಕೊನೆಗೆ ನಿಲ್ಲಿಸುತ್ತಿದ್ದರು. ನಿಲ್ಲಿಸುತ್ತಿದ್ದವರು ಮೇಲಿನ ಕೇರಿಯವರಲ್ಲ, ನಮ್ಮ ಕೇರಿಯ ಹೆಂಗಸರೇ. ಮನೆಯಲ್ಲಿ ಅವಳಿಗೆ ಬೇರೆ ತಟ್ಟೆ, ಬೇರೆ ಲೋಟ. ಆ ಲೋಟ ಗೋಡೆಯ ಗೂಡಿನಲ್ಲಿ ಬೋರಲು ಬಿದ್ದಿರುತ್ತಿತ್ತು. ಮಕ್ಕಳು ಅದನ್ನು ಮುಟ್ಟಿದರೆ ಏಟು.

ನಾನು ಕಾಲೇಜಿಗೆ ಹೋಗುತ್ತಿದ್ದಾಗ ಪಕ್ಕದ ಊರಿನ ಹೋಟೆಲಿನಲ್ಲಿ ನಮ್ಮವರಿಗೆ ಬೇರೆ ಲೋಟ ಇಡುವುದರ ವಿರುದ್ಧ ಸಂಘದ ಹುಡುಗರೆಲ್ಲ ಸೇರಿ ಧರಣಿ ಕೂತೆವು. ತಹಶೀಲ್ದಾರರು ಬಂದರು, ಪೊಲೀಸರು ಬಂದರು, ಕೊನೆಗೆ ಎಲ್ಲರಿಗೂ ಒಂದೇ ಲೋಟದಲ್ಲಿ ಟೀ ಕೊಡಿಸಿದರು. ಗೆದ್ದ ಖುಷಿಯಲ್ಲಿ ರಾತ್ರಿ ಮನೆಗೆ ಬಂದೆ. ಅತ್ತೆ ಜಗುಲಿ ಮೇಲೆ ತನ್ನ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದಳು. "ಏನಾಯ್ತಪ್ಪ, ಓಟ್ಲು ಲೋಟ ಒಂದಾಯ್ತಾ?" ಅಂತ ಕೇಳಿದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿ ಖುಷಿಪಟ್ಟು ಕೇಳಿದಳು. ನನಗೆ ಉತ್ತರ ಹೇಳಲು ಬಾಯಿ ಬರಲಿಲ್ಲ.

ಆ ಉತ್ತರವನ್ನು ಇಷ್ಟು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕಾರಣವೂ ಇದೆ. ನಾನು ಈಗ ಪಾಠ ಹೇಳುವ ಶಾಲೆಯಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಕಣ್ಣಿನ ಸುತ್ತ ತೊನ್ನು ಬಂತು. ಬೇರೆ ಮಕ್ಕಳ ತಾಯಿತಂದೆ ಬಂದು "ಆ ಮಗೀನ ಬೇರೆ ಕೂರಿಸಿ ಸಾರ್, ಅಂಟ್ಕೊಂಡ್ರೆ ಏನ್ ಗತಿ?" ಅಂದರು. ಹಾಗೆ ಅಂದವರಲ್ಲಿ ಎಲ್ಲ ಜಾತಿಯವರೂ ಇದ್ದರು. ನಮ್ಮವರೂ ಇದ್ದರು.

ಮುಟ್ಟಬಾರದು ಎಂಬ ಮಾತು ಎಲ್ಲಿಂದ ಬಂತು? ತೊನ್ನು ಪಾಪದ ಫಲ ಅಂತ ಮೊದಲು ಹೇಳಿದವರು ಯಾರು? ಇದಕ್ಕೂ ನಮ್ಮನ್ನು ಊರ ಹೊರಗಿಟ್ಟ ವ್ಯವಸ್ಥೆಗೂ ಏನು ಸಂಬಂಧ? ಇದನ್ನು ಚರಿತ್ರೆಯಲ್ಲಿ ಹುಡುಕಿದರೆ ಸಿಗುವುದು ಆಶ್ಚರ್ಯದ ಸಂಗತಿಗಳು.

ಮೊದಲು ರೋಗ ಏನು ಅನ್ನುವುದನ್ನು ತಿಳಿಯೋಣ. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವಸ್ತು. ಚರ್ಮದ ಮೇಲ್ಪದರದ ತಳದಲ್ಲಿ ಮೆಲನೊಸೈಟ್ ಎಂಬ ಜೀವಕೋಶಗಳಿವೆ. ಮೆಲನಿನ್ ತಯಾರಿಸಿ ಅಕ್ಕಪಕ್ಕದ ಕೋಶಗಳಿಗೆ ಹಂಚುವ ಕೂಲಿಗಳು ಇವು. ನಮ್ಮ ರಕ್ತದಲ್ಲಿ ರೋಗಾಣುಗಳ ವಿರುದ್ಧ ಹೋರಾಡುವ ಕಾವಲು ಪಡೆ ಇದೆ. ಅದರಲ್ಲಿ ಟಿ ಕೋಶ ಎಂಬ ಒಂದು ಬಗೆಯ ಬಿಳಿಕಣಗಳು ದಾರಿತಪ್ಪಿ, ಈ ಬಣ್ಣದ ಕೂಲಿಗಳನ್ನೇ ಹಗೆಗಳೆಂದು ತಿಳಿದು ಕೊಲ್ಲುತ್ತವೆ. ಕೂಲಿ ಸತ್ತ ಜಾಗ ಬೆಳ್ಳಗಾಗುತ್ತದೆ. ಇಷ್ಟೇ ತೊನ್ನು. ಹೊರಗಿನಿಂದ ಯಾವ ಕ್ರಿಮಿಯೂ ಬಂದಿಲ್ಲ. ಕ್ರಿಮಿಯೇ ಇಲ್ಲದ ಮೇಲೆ ಅಂಟುವುದಾದರೂ ಏನು?

ಕಾವಲುಗಾರನೇ ಮನೆಯವರಿಗೆ ಹೊಡೆಯುವ ಇಂಥ ರೋಗಗಳು ಬೇಕಾದಷ್ಟಿವೆ. ಚರ್ಮ ದಪ್ಪಗಾಗಿ ಹೊಟ್ಟು ಹೊಟ್ಟಾಗಿ ಉದುರುವ ಸೋರಿಯಾಸಿಸ್, ತಲೆಯಲ್ಲಿ ಕಾಸಿನಗಲ ಕೂದಲು ಉದುರುವ ಬೇನೆ, ಕೆನ್ನೆ ಮೇಲೆ ಕೆಂಪು ಗಂದೆ ಏಳುವ ಲೂಪಸ್, ಮೈಮೇಲೆ ನೀರುಗುಳ್ಳೆ ಏಳುವ ಪೆಂಫಿಗಸ್ ಎಲ್ಲ ಇದೇ ಬಳಗ. ಯಾವುದೂ ಅಂಟುವುದಿಲ್ಲ. ಜಗತ್ತಿನಲ್ಲಿ ನೂರು ಜನರಿದ್ದರೆ ಹೆಚ್ಚುಕಡಿಮೆ ಒಬ್ಬರಿಗೆ ತೊನ್ನಿರುತ್ತದೆ. ಅರ್ಧದಷ್ಟು ಜನರಿಗೆ ಅದು ಇಪ್ಪತ್ತು ವರ್ಷದೊಳಗೇ ಶುರುವಾಗುತ್ತದೆ, ಅಂದರೆ ಓದುವ ವಯಸ್ಸಿನಲ್ಲಿ, ಮದುವೆಯ ವಯಸ್ಸಿನಲ್ಲಿ. ಬಿಳಿಯರಿಗೂ ಇದು ಇಷ್ಟೇ ಬರುತ್ತದೆ, ಆದರೆ ಅವರ ಮೈಮೇಲೆ ಎದ್ದು ಕಾಣುವುದಿಲ್ಲ. ಕಪ್ಪು ಮೈಯವರಿಗೆ ಬಂದಾಗ ಊರಿಗೆಲ್ಲ ಕಾಣುತ್ತದೆ.

ಈಗ ಚರಿತ್ರೆಗೆ ಬರೋಣ. ನಮ್ಮ ದೇಶದಲ್ಲಿ ಈ ರೋಗದ ಬಗ್ಗೆ ಸಿಗುವ ಬಹಳ ಹಳೆಯ ಮಾತು ಇರುವುದು ಅಥರ್ವವೇದದಲ್ಲಿ. ಅದರ ಮೊದಲನೇ ಕಾಂಡದ 23 ಮತ್ತು 24ನೇ ಸೂಕ್ತಗಳು 'ಕಿಲಾಸ' ಎಂಬ ಬಿಳಿ ಮಚ್ಚೆಯನ್ನು ಹೋಗಲಾಡಿಸುವ ಮಂತ್ರಗಳು. ಕಿಲಾಸ ಅಂದರೆ ತೊನ್ನು. ಆ ಮಂತ್ರ ಕರೆಯುವುದು ರಾತ್ರಿ ಹುಟ್ಟಿದ ಒಂದು ಕಪ್ಪು ಗಿಡವನ್ನು. ಈ ಮೈಗೆ ಮತ್ತೆ ಬಣ್ಣ ಹಚ್ಚು, ಬಿಳುಪನ್ನು ಓಡಿಸು ಎಂಬ ಬೇಡಿಕೆ ಅದು. ಅಲ್ಲಿ ಕಪ್ಪು ಎಂಬುದು ಆರೋಗ್ಯ, ಬಿಳುಪು ಎಂಬುದು ರೋಗ! ಇನ್ನೂ ಮುಖ್ಯವಾದದ್ದು ಮುಂದಿನ ಸೂಕ್ತದಲ್ಲಿದೆ. ಕಿಲಾಸಕ್ಕೆ ಮೊಟ್ಟಮೊದಲು ಮದ್ದು ಮಾಡಿದವಳು ಆಸುರಿ, ಅಂದರೆ ಅಸುರರ ಹೆಣ್ಣು ಎಂದು ಆ ಗ್ರಂಥವೇ ಒಪ್ಪಿಕೊಳ್ಳುತ್ತದೆ. ಯಾರನ್ನು ರಾಕ್ಷಸರು ಅಂತ ಕತೆ ಕಟ್ಟಿ ಕೊಂದರೋ ಅವರ ಹೆಂಗಸೊಬ್ಬಳು ಗಿಡ ಗುರುತಿಸಿ, ಅರೆದು, ಮದ್ದು ಮಾಡಿ ಕೊಟ್ಟಿದ್ದಳು. ಇಲ್ಲಿ ರೋಗವಿದೆ, ಮದ್ದಿದೆ. ರೋಗಿಯ ಪಾಪದ ಲೆಕ್ಕ ಈ ಎರಡು ಸೂಕ್ತಗಳಲ್ಲಿಲ್ಲ.

ಪಾಪದ ಲೆಕ್ಕ ಆಮೇಲೆ ಸೇರಿಕೊಂಡಿತು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಕುಷ್ಠವನ್ನು ಹೇಳುವ ಅಧ್ಯಾಯದ ಕೊನೆಗೆ ಕಿಲಾಸದ ಕಾರಣಗಳ ಪಟ್ಟಿ ಇದೆ. ಸುಳ್ಳು ಹೇಳುವುದು, ಉಪಕಾರ ಮರೆಯುವುದು, ದೇವರನ್ನು ನಿಂದಿಸುವುದು, ಗುರುಗಳನ್ನು ಅವಮಾನಿಸುವುದು, ಪಾಪ ಮಾಡುವುದು, ಹಿಂದಿನ ಜನ್ಮದ ಕರ್ಮ, ಒಂದಕ್ಕೊಂದು ಆಗದ ಊಟ. ಇಲ್ಲಿ ಒಂದು ವಿಷಯ ಗಮನಿಸಬೇಕು. ಇದೇ ವೈದ್ಯಗ್ರಂಥದಲ್ಲಿ ತೊನ್ನಿನವರಿಗೆ ಔಷಧಿ ಕುಡಿಸಿ ಶಕ್ತಿಗೆ ತಕ್ಕಷ್ಟು ಬಿಸಿಲು ಕಾಯಿಸಬೇಕು ಎಂಬ ಚಿಕಿತ್ಸೆಯೂ ಇದೆ. ಆ ಬಿಸಿಲಿನ ಚಿಕಿತ್ಸೆ ನಿಜವಾದ ಅನುಭವದಿಂದ ಬಂದದ್ದು, ಅದನ್ನು ಮುಂದೆ ನೋಡೋಣ. ಅಂದರೆ ಕಣ್ಣಿಂದ ಕಂಡ, ಕೈಯಿಂದ ಮಾಡಿದ ವೈದ್ಯದ ಮೇಲೆ ಪುರೋಹಿತಶಾಹಿ ಬಂದು ಕೂತಿತು. ಮದ್ದು ವೈದ್ಯನದ್ದು, ಕಾರಣ ಪುರೋಹಿತನದ್ದು. ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ "ಹಾಲು ಮೀನು ಒಟ್ಟಿಗೆ ತಿಂದೆ, ಅದಕ್ಕೇ ತೊನ್ನು" ಅನ್ನುತ್ತಾರಲ್ಲ, ಅದು ಆ ಪಟ್ಟಿಯ ಕೊನೇ ಬಾಲ.

ವೈದ್ಯಗ್ರಂಥ ಕಾರಣ ಹೇಳಿತು, ಮನುಸ್ಮೃತಿ ಅದನ್ನು ಕಾನೂನು ಮಾಡಿತು. ಮೂರನೇ ಅಧ್ಯಾಯದಲ್ಲಿ ಎಂಥ ಮನೆಯಿಂದ ಹೆಣ್ಣು ತರಬಾರದು ಎಂಬ ಹತ್ತು ಕುಲಗಳ ಪಟ್ಟಿ ಇದೆ. ದನಕರು, ದವಸಧಾನ್ಯ ಎಷ್ಟೇ ಇದ್ದರೂ ಈ ಮನೆಗಳು ಬೇಡ. ಮೂಲವ್ಯಾಧಿಯ ಮನೆ, ಕ್ಷಯದ ಮನೆ, ಮೂರ್ಛೆರೋಗದ ಮನೆ, ಕುಷ್ಠದ ಮನೆ. ಅವುಗಳ ನಡುವೆ ತೊನ್ನಿನ ಮನೆ. ರೋಗ ಒಬ್ಬರಿಗೆ, ಶಿಕ್ಷೆ ಇಡೀ ಕುಲಕ್ಕೆ. ಹುಟ್ಟಿನಿಂದ ಮನುಷ್ಯನನ್ನು ಅಳೆಯುವವರು ರೋಗವನ್ನೂ ಹುಟ್ಟಿನಿಂದಲೇ ಅಳೆಯುತ್ತಾರೆ. ನಮ್ಮತ್ತೆಯ ಮದುವೆ ತಪ್ಪಿದ್ದು ಈ ಶ್ಲೋಕದಿಂದ. ಅದನ್ನು ತಪ್ಪಿಸಿದವರು ಯಾರೂ ಮನುಸ್ಮೃತಿ ಓದಿದವರಲ್ಲ. ಓದಲು ಬಿಟ್ಟರೆ ತಾನೇ? ಆದರೆ ಓದದವರ ತಲೆಯೊಳಗೂ ಅದು ಕೂತಿತ್ತು.

ಹನ್ನೊಂದನೇ ಅಧ್ಯಾಯದಲ್ಲಿ ಯಾವ ಪಾಪಕ್ಕೆ ಯಾವ ರೋಗ ಎಂಬ ದರಪಟ್ಟಿ ಇದೆ. ಅದರಲ್ಲಿ ತೊನ್ನು ಬರುವುದು ಯಾರಿಗೆ ಗೊತ್ತೇ? ಬಟ್ಟೆ ಕದ್ದವನಿಗೆ! ಈಗ ಹತ್ತನೇ ಅಧ್ಯಾಯ ತೆಗೆದು ನೋಡಿ. ಚಂಡಾಲರು ಹೆಣದ ಮೇಲಿನ ಬಟ್ಟೆ ಉಡಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಊರ ಹೊರಗಿರಬೇಕು ಅಂತ ಬರೆದಿದೆ. ಒಂದು ಜನಾಂಗದ ಮೈಮೇಲಿನ ಬಟ್ಟೆಯನ್ನು ಕಾನೂನು ಮಾಡಿ ಕಿತ್ತುಕೊಂಡವರು, ಆ ಜನಾಂಗದ ಹುಡುಗಿಯ ಮೈಮೇಲೆ ಬಿಳಿ ಮಚ್ಚೆ ಎದ್ದಾಗ "ನೀನು ಹೋದ ಜನ್ಮದಲ್ಲಿ ಬಟ್ಟೆ ಕದ್ದಿದ್ದೆ" ಅನ್ನುತ್ತಾರೆ. ಯಾರು ಯಾರ ಬಟ್ಟೆ ಕದ್ದದ್ದು ಸ್ವಾಮಿ? ಈ ಪ್ರಶ್ನೆಯನ್ನು ಎರಡು ಅಧ್ಯಾಯಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದ ಯಾರಾದರೂ ಕೇಳಬೇಕು.

1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಮನುಸ್ಮೃತಿಯನ್ನು ಸುಟ್ಟರು. ಚೌದಾರ್ ಕೆರೆಯ ನೀರು ಮುಟ್ಟಿದ್ದಕ್ಕೆ ಹೊಡೆಸಿಕೊಂಡ ಜನ ಅದೇ ವರ್ಷ ಮಾಡಿದ ಕೆಲಸ ಅದು. ಅವತ್ತು ಬೆಂಕಿಗೆ ಬಿದ್ದ ಹಾಳೆಗಳಲ್ಲಿ ಈ ಮೂರು ಅಧ್ಯಾಯಗಳೂ ಇದ್ದವು. ಹತ್ತನೇ ಅಧ್ಯಾಯವನ್ನು ನಾವು ಇವತ್ತಿಗೂ ಸುಡುತ್ತಿದ್ದೇವೆ. ಮೂರನೆಯದನ್ನೂ ಹನ್ನೊಂದನೆಯದನ್ನೂ ಮಾತ್ರ ಮನೆಯ ಗೂಡಿನಲ್ಲಿ ಲೋಟದ ಕೆಳಗೆ ಜೋಪಾನವಾಗಿ ಇಟ್ಟುಕೊಂಡಿದ್ದೇವೆ.

ಈ ಅನ್ಯಾಯ ನಮ್ಮ ದೇಶದ್ದು ಮಾತ್ರವಲ್ಲ. ಯಹೂದಿಗಳ ಹಳೆಯ ಗ್ರಂಥದಲ್ಲಿ ಬಿಳಿ ಮಚ್ಚೆಯವರನ್ನು ಪುರೋಹಿತನೇ ಪರೀಕ್ಷೆ ಮಾಡಿ ಶುದ್ಧ ಅಶುದ್ಧ ಅಂತ ತೀರ್ಪು ಕೊಡಬೇಕು, ಅಶುದ್ಧರಾದವರು ಪಾಳೆಯದ ಹೊರಗಿರಬೇಕು ಎಂದಿದೆ. ಆ ಗ್ರಂಥ ಗ್ರೀಕಿಗೆ, ಬೇರೆ ಭಾಷೆಗಳಿಗೆ ಹೋದಾಗ ಎಲ್ಲ ಬಗೆಯ ಮಚ್ಚೆಗಳೂ ಕುಷ್ಠ ಎಂಬ ಒಂದೇ ಹೆಸರಿನಡಿ ಸೇರಿಹೋದವು. ನಮ್ಮಲ್ಲೂ 'ಶ್ವೇತಕುಷ್ಠ' ಎಂಬ ಹೆಸರು ಇದೇ ಎಡವಟ್ಟು ಮಾಡಿತು. ತೊನ್ನಿಗೂ ಕುಷ್ಠಕ್ಕೂ ಸಂಬಂಧವೇ ಇಲ್ಲ. ಕುಷ್ಠ ಬರುವುದು ಒಂದು ಬ್ಯಾಕ್ಟೀರಿಯಾದಿಂದ. ಅದನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿ ಕಂಡುಹಿಡಿದರು.

ಇಲ್ಲಿ ಒಂದು ಎಚ್ಚರ ಬೇಕು. "ನಮ್ಮದು ತೊನ್ನು, ಕುಷ್ಠ ಅಲ್ಲ, ಆದ್ದರಿಂದ ಮುಟ್ಟಬಹುದು" ಅನ್ನುವ ವಾದವೂ ಸರಿಯಲ್ಲ. ಅದು ಒಂದು ಮೆಟ್ಟಿಲು ಮೇಲೆ ಹತ್ತಿ ಕೆಳಗಿನವರನ್ನು ಒದೆಯುವ ಜಾತಿಯ ಬುದ್ಧಿ. ಕುಷ್ಠವೂ ಪಾಪವಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಮಾತ್ರೆಗಳನ್ನು ಆರು ತಿಂಗಳೋ ವರ್ಷವೋ ನುಂಗಿದರೆ ವಾಸಿಯಾಗುವ ಕಾಯಿಲೆ ಅದು. ಮದ್ದು ಶುರುವಾದ ಮೇಲೆ ಅಂಟುವುದೂ ನಿಲ್ಲುತ್ತದೆ. ಆದರೂ 1898ರ ಬ್ರಿಟಿಷ್ ಕಾಲದ ಕುಷ್ಠರೋಗಿಗಳ ಕಾಯ್ದೆ 2016ರವರೆಗೆ ಕಾನೂನು ಪುಸ್ತಕದಲ್ಲಿತ್ತು. 1955ರ ಹಿಂದೂ ವಿವಾಹ ಕಾಯ್ದೆ ಕುಷ್ಠವನ್ನು ವಿಚ್ಛೇದನಕ್ಕೆ ಒಂದು ಕಾರಣವಾಗಿ ಇಟ್ಟಿತ್ತು. ಅದನ್ನು ತೆಗೆದುಹಾಕಿದ್ದು 2019ರಲ್ಲಿ. ಮನುವಿನ ಪಟ್ಟಿಯ ಒಂದು ಸಾಲು ಸ್ವತಂತ್ರ ಭಾರತದ ಕಾನೂನಿನಿಂದ ಇಳಿಯಲು ಅರವತ್ನಾಲ್ಕು ವರ್ಷ ಬೇಕಾಯ್ತು ಅಂದ್ರೆ, ಜನರ ತಲೆಯಿಂದ ಇಳಿಯಲು ಎಷ್ಟು ಬೇಕು ಲೆಕ್ಕ ಹಾಕಿ.

ಇನ್ನು ಮದ್ದಿನ ಚರಿತ್ರೆ. ಬಯಲುಸೀಮೆಯ ಹೊಲದ ಬದುಗಳಲ್ಲಿ ಬಾವಂಚಿ ಎಂಬ ಗಿಡ ತಾನಾಗಿ ಬೆಳೆಯುತ್ತದೆ. ಅದರ ಕಪ್ಪು ಬೀಜ ಅರೆದು ತೊನ್ನಿಗೆ ಹಚ್ಚಿ ಬಿಸಿಲಿಗೆ ಕೂರಿಸುವುದು ನಮ್ಮ ನಾಟಿ ವೈದ್ಯ. ಸಾವಿರಾರು ಮೈಲಿ ಆಚೆ ಈಜಿಪ್ಟಿನ ನೈಲ್ ನದಿಯ ಬಯಲಿನಲ್ಲಿ ಬೆಳೆಯುವ ಬೇರೊಂದು ಗಿಡದ ಬೀಜವನ್ನು ಅಲ್ಲಿನ ಜನ ಇದೇ ರೋಗಕ್ಕೆ ಇದೇ ರೀತಿ ಬಳಸುತ್ತಿದ್ದರು. 1248ರಲ್ಲಿ ಡಮಾಸ್ಕಸ್‌ನಲ್ಲಿ ತೀರಿಕೊಂಡ ಇಬ್ನ್ ಅಲ್ ಬೈತಾರ್ ಎಂಬ ಅರಬ್ಬಿ ಗಿಡಮೂಲಿಕೆ ಪಂಡಿತ ಅದನ್ನು ಬರೆದಿಟ್ಟ. ಉತ್ತರ ಆಫ್ರಿಕಾದ ಬರ್ಬರ್ ಬುಡಕಟ್ಟಿನವರ ಬಳಿ ಈ ಗುಟ್ಟು ಇತ್ತು ಅಂತಲೂ ಅವನೇ ಬರೆದಿದ್ದಾನೆ. ಇಲ್ಲಿ ಅಸುರ ಹೆಂಗಸು, ಅಲ್ಲಿ ಬುಡಕಟ್ಟು ಜನ. ಮದ್ದು ಕಂಡವರು ಎರಡೂ ಕಡೆ ಕೆಳಗಿನವರೇ.

1940ರ ದಶಕದ ಕೊನೆಗೆ ಕೈರೋದಲ್ಲಿ ಫಹ್ಮಿ ಮತ್ತು ಅವರ ಜೊತೆಯವರು ಆ ಬೀಜದೊಳಗಿನ ರಾಸಾಯನಿಕವನ್ನು ಬೇರ್ಪಡಿಸಿದರು. ಎಲ್ ಮೊಫ್ತಿ ಎಂಬ ಚರ್ಮವೈದ್ಯರು ಅದನ್ನು ತೊನ್ನಿನವರಿಗೆ ಕೊಟ್ಟು ಬಿಸಿಲು ಕಾಯಿಸಿ 1948ರಲ್ಲಿ ಫಲ ಪ್ರಕಟಿಸಿದರು. ಅದರ ಹೆಸರು ಸೊರಾಲೆನ್. ನಮ್ಮ ಬಾವಂಚಿಯಲ್ಲಿರುವುದೂ ಸೊರಾಲೆನ್‌ಗಳೇ. ಇದು ಚರ್ಮದೊಳಗೆ ಸೇರಿ ಬೆಳಕಿಗೆ ಕಾವು ಕೊಡುತ್ತದೆ. ದಾಳಿ ಮಾಡುವ ಟಿ ಕೋಶಗಳು ತಣ್ಣಗಾಗುತ್ತವೆ, ಕೂದಲ ಬುಡದಲ್ಲಿ ಉಳಿದಿದ್ದ ಬಣ್ಣದ ಕೋಶಗಳು ಎದ್ದು ಬರುತ್ತವೆ. ಅದಕ್ಕೇ ಗುಣವಾಗುವಾಗ ಬಿಳಿ ಮಚ್ಚೆಯ ನಡುವೆ ರಾಗಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು ಮೂಡುತ್ತವೆ. 1974ರಲ್ಲಿ ಅಮೆರಿಕದ ವೈದ್ಯರು ಬಿಸಿಲಿನ ಬದಲು ನೇರಳಾತೀತ ದೀಪ ಬಳಸಿ ಇದೇ ಚಿಕಿತ್ಸೆಯನ್ನು ಸೋರಿಯಾಸಿಸ್‌ಗೆ ತಂದರು. 1997ರಲ್ಲಿ ನೆದರ್ಲೆಂಡ್ಸಿನ ವೈದ್ಯರು ಸೊರಾಲೆನ್ ಇಲ್ಲದೆ ಬರೀ ಒಂದು ಕಿರಿದಾದ ಅಲೆಯ ನೇರಳಾತೀತ ಬೆಳಕಿನಿಂದಲೇ ತೊನ್ನು ಗುಣವಾಗುವುದನ್ನು ತೋರಿಸಿದರು. ಇವತ್ತು ದೊಡ್ಡ ಆಸ್ಪತ್ರೆಗಳಲ್ಲಿ ಕೊಡುವ ಬೆಳಕಿನ ಚಿಕಿತ್ಸೆ ಬಹುಮಟ್ಟಿಗೆ ಇದೇ.

ಈ ಚರಿತ್ರೆಯಲ್ಲಿ ನಮ್ಮ ಜನ ವಿಶೇಷವಾಗಿ ತಿಳಿಯಬೇಕಾದ ಒಂದು ಪುಟವಿದೆ. ಅದು ಚರ್ಮ ಹದ ಮಾಡುವವರ ಪುಟ. 1939ರಲ್ಲಿ ಅಮೆರಿಕದ ಒಂದು ಟ್ಯಾನರಿಯಲ್ಲಿ ಕೆಲಸ ಮಾಡುತ್ತಿದ್ದ ಕರಿಯ ಕಾರ್ಮಿಕರ ಕೈ ಮುಂಗೈಗಳು ಬೆಳ್ಳಗಾದವು. ಪರೀಕ್ಷೆ ಮಾಡಿದ ವೈದ್ಯರು ಆ ಬಿಳುಪು ಸರಿಯಾಗಿ ರಬ್ಬರ್ ಕೈಗವಸು ಇದ್ದ ಕಡೆಗೇ ಬಂದಿರುವುದನ್ನು ಕಂಡರು. ರಬ್ಬರು ಕೆಡದಿರಲಿ ಅಂತ ಬೆರೆಸಿದ್ದ ಒಂದು ರಾಸಾಯನಿಕ ಬಣ್ಣದ ಕೋಶಗಳನ್ನು ಕೊಂದಿತ್ತು. ಮಾಲೀಕನ ರಬ್ಬರು ಉಳಿಯಿತು, ಕೂಲಿಯವನ ಬಣ್ಣ ಹೋಯಿತು. ಆಮೇಲೆ ಅದೇ ರಾಸಾಯನಿಕವನ್ನು ಮುಲಾಮು ಮಾಡಿ, ಮೈಯೆಲ್ಲ ತೊನ್ನು ಹಬ್ಬಿದವರ ಉಳಿದ ಬಣ್ಣ ತೆಗೆಯಲು ವೈದ್ಯರು ಬಳಸತೊಡಗಿದರು. 2013ರಲ್ಲಿ ಜಪಾನಿನಲ್ಲಿ ಮುಖ ಬೆಳ್ಳಗೆ ಮಾಡುವ ಕ್ರೀಮು ಹಚ್ಚಿಕೊಂಡ ಹದಿನೈದು ಸಾವಿರಕ್ಕೂ ಹೆಚ್ಚು ಜನರಿಗೆ ತೊನ್ನಿನಂಥ ಮಚ್ಚೆಗಳು ಎದ್ದವು, ಕಂಪನಿ ಸರಕನ್ನೆಲ್ಲ ವಾಪಸು ತೆಗೆದುಕೊಳ್ಳಬೇಕಾಯ್ತು. ನಮ್ಮಲ್ಲೂ ಹಣೆಗೆ ಅಂಟಿಸುವ ಬಿಂದಿಯ ಅಂಟು, ರಬ್ಬರ್ ಚಪ್ಪಲಿಯ ಪಟ್ಟಿ, ಕೂದಲ ಬಣ್ಣ ಇವುಗಳಿಂದ ಅದೇ ಜಾಗದಲ್ಲಿ ಬಿಳಿ ಮಚ್ಚೆ ಬರುವುದುಂಟು. ಬಿಂದಿಯ ಜಾಗದಲ್ಲೇ ಬೆಳ್ಳಗಾದರೆ ಮೊದಲು ಬಿಂದಿ ಬಿಡಬೇಕು. ಶಾಸ್ತ್ರ ಕೇಳಬೇಕಾಗಿಲ್ಲ.

ಈಗ, ತೊನ್ನು ಬಂದವರು ಏನು ಮಾಡಬೇಕು? ಮೇಷ್ಟ್ರುಗಳೂ ಕಾರ್ಯಕರ್ತರೂ ಇದನ್ನು ತಿಳಿದು ಹೇಳಬೇಕು.

ಮೊದಲನೆಯದು, ಅದು ತೊನ್ನೇ ಹೌದೋ ಅಂತ ನೋಡಿಸುವುದು. ಬಿಳಿಯಾದದ್ದೆಲ್ಲ ತೊನ್ನಲ್ಲ. ಬೆವರಿನ ಕಾಲದಲ್ಲಿ ಎದೆ ಬೆನ್ನ ಮೇಲೆ ಬರುವ ಚಿಬ್ಬು ಒಂದು ಶಿಲೀಂಧ್ರ, ಮುಲಾಮಿಗೆ ಹೋಗುತ್ತದೆ. ಮಕ್ಕಳ ಕೆನ್ನೆ ಮೇಲಿನ ಮಾಸಲು ಮಚ್ಚೆ ತಾನಾಗಿ ಹೋಗುತ್ತದೆ. ಮಚ್ಚೆಯ ಜಾಗದಲ್ಲಿ ಮುಟ್ಟಿದರೆ, ಚುಚ್ಚಿದರೆ ಗೊತ್ತಾಗದಿದ್ದರೆ ಅದು ಕುಷ್ಠವಿರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತೊನ್ನು ಹಾಲಿನಷ್ಟು ಬಿಳುಪು, ಆದರೆ ಮುಟ್ಟಿದ್ದು ಗೊತ್ತಾಗುತ್ತದೆ.

ಎರಡನೆಯದು, ತಡಮಾಡದಿರುವುದು. ಹೊಸ ಮಚ್ಚೆ ಬೇಗ ಗುಣವಾಗುತ್ತದೆ. ಮುಖ, ಕತ್ತು ಚೆನ್ನಾಗಿ ತಿರುಗುತ್ತವೆ. ಬೆರಳ ತುದಿ, ತುಟಿ, ಕೂದಲೂ ಬೆಳ್ಳಗಾದ ಜಾಗ ಮೊಂಡು ಹಿಡಿಯುತ್ತವೆ. ಹಚ್ಚಲು ಸ್ಟೀರಾಯ್ಡ್ ಮುಲಾಮು, ಮುಖಕ್ಕೆ ಟ್ಯಾಕ್ರೊಲಿಮಸ್ ಮುಲಾಮು ಕೊಡುತ್ತಾರೆ. ವೇಗವಾಗಿ ಹಬ್ಬುತ್ತಿದ್ದರೆ ವಾರದಲ್ಲಿ ಎರಡು ದಿನ ಮಾತ್ರ ನುಂಗುವ ಸ್ಟೀರಾಯ್ಡ್ ಮಾತ್ರೆಯ ಕ್ರಮವಿದೆ. ಅದನ್ನು 1993ರಲ್ಲಿ ಪ್ರಕಟಿಸಿದವರು ದೆಹಲಿಯ ಏಮ್ಸ್‌ನ ಪಸ್ರೀಚಾ ಮತ್ತು ಖೈತಾನ್. ಅಗ್ಗದ ಮಾತ್ರೆ, ಆದರೆ ವೈದ್ಯರ ಕಣ್ಣಿನಡಿಯಲ್ಲೇ ನುಂಗಬೇಕು. ಅಂಗಡಿಯಿಂದ ತಂದು ತಾನೇ ನುಂಗಿದರೆ, ಹಚ್ಚಿದರೆ ಬೇರೆ ಕಾಯಿಲೆ ಬರುತ್ತದೆ. ಬೆಳಕಿನ ಚಿಕಿತ್ಸೆ ವಾರಕ್ಕೆ ಎರಡು ಮೂರು ಸಲದಂತೆ ತಿಂಗಳುಗಟ್ಟಲೆ ಬೇಕು. ಒಂದು ವರ್ಷದಿಂದ ಹೊಸ ಮಚ್ಚೆ ಬರದೆ ನಿಂತಿದ್ದರೆ ಚರ್ಮದ ಕಸಿ ಮಾಡಬಹುದು. 1971ರಲ್ಲಿ ಕೊಲಂಬಿಯಾದ ಫಲಬೆಲ್ಲಾ ಎಂಬ ವೈದ್ಯರು ಗುಳ್ಳೆ ಎಬ್ಬಿಸಿ ಅದರ ಮೇಲ್ಪದರ ಕಸಿ ಮಾಡುವ ವಿಧಾನ ತೋರಿಸಿದರು. ಅಂಥ ಹಲವು ಬಗೆಯ ಕಸಿಗಳು ಈಗ ನಮ್ಮ ದೇಶದಲ್ಲೂ ನಡೆಯುತ್ತವೆ. 2022ರಲ್ಲಿ ಅಮೆರಿಕ ರುಕ್ಸೊಲಿಟಿನಿಬ್ ಎಂಬ ಮುಲಾಮಿಗೆ ಒಪ್ಪಿಗೆ ಕೊಟ್ಟಿತು. ತೊನ್ನಿಗೆ ಬಣ್ಣ ಮರಳಿಸಲೆಂದೇ ಅಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧಿ ಅದು. ಅದರ ಬೆಲೆ ಮಾತ್ರ ಕೂಲಿಯವರ ಕೈಗೆಟುಕುವಂಥದ್ದಲ್ಲ.

ಮೂರನೆಯದು, ಮೈ ಕಾಯುವುದು. ಬಿಳಿ ಜಾಗ ಬಿಸಿಲಿಗೆ ಬೇಗ ಸುಡುತ್ತದೆ. ಗದ್ದೆ ಕೆಲಸಕ್ಕೆ ಹೋಗುವವರು ತುಂಬುತೋಳಿನ ಅಂಗಿ, ತಲೆಗೆ ವಲ್ಲಿ ಹಾಕಬೇಕು. ಬಾವಂಚಿ ಹಚ್ಚಿ ಗಂಟೆಗಟ್ಟಲೆ ಬಿಸಿಲಿಗೆ ಕೂತು ಬೊಬ್ಬೆ ಎದ್ದು ಹುಣ್ಣಾದವರಿದ್ದಾರೆ. ಗಿಡದಲ್ಲಿ ಗುಣವಿದೆ ಅಂದ ಮೇಲೆ ವಿಷವೂ ಇರುತ್ತದೆ. ಗಾಯ, ಉಜ್ಜುವಿಕೆ, ಒತ್ತಡ ಆದ ಕಡೆ ಹೊಸ ತೊನ್ನು ಏಳುತ್ತದೆ. ಲಂಗದ ಲಾಡಿ, ಉಡಿದಾರ ಬಿಗಿಯಾಗಿ ಕಟ್ಟಬಾರದು. ತೊನ್ನಿನವರಲ್ಲಿ ಕೆಲವರಿಗೆ ಥೈರಾಯ್ಡ್ ತೊಂದರೆ ಜೊತೆಗಿರುತ್ತದೆ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಊಟದ ಪಥ್ಯ ಯಾವುದೂ ಬೇಡ. ಹಾಲು ಕುಡಿಯಲಿ, ಮೀನು ತಿನ್ನಲಿ, ಹುಣಿಸೆಹುಳಿ ತಿನ್ನಲಿ. ಬಡವರ ತಟ್ಟೆಯಿಂದ ಇರುವುದನ್ನೂ ಕಿತ್ತುಕೊಳ್ಳುವ ಪಥ್ಯ ಇದು. ಲೂಪಸ್‌ನಂಥ ಕಾಯಿಲೆಗೆ ಬಿಸಿಲೇ ವೈರಿ, ಆದ್ದರಿಂದ ಒಂದರ ಮದ್ದು ಇನ್ನೊಂದಕ್ಕೆ ಮಾಡಬಾರದು.

ಮದುವೆಯ ಮಾತು. ಮನೆಯಲ್ಲೊಬ್ಬರಿಗೆ ತೊನ್ನಿದ್ದರೆ ಮಕ್ಕಳಿಗೆ, ಒಡಹುಟ್ಟಿದವರಿಗೆ ಬರುವುದು ನೂರಕ್ಕೆ ಸುಮಾರು ಐದಾರು ಜನರಿಗೆ. ರೂಪು, ರಕ್ತ ಎಲ್ಲ ಒಂದೇ ಆದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬಂದದ್ದು ನೂರಕ್ಕೆ ಇಪ್ಪತ್ಮೂರು ಜೋಡಿಯಲ್ಲಿ ಮಾತ್ರ. ಇದು 2003ರಲ್ಲಿ ಪ್ರಕಟವಾದ ಅಧ್ಯಯನ. ಕುಲವೇ ಬೇಡ ಅಂದ ಮನುವಿನ ಲೆಕ್ಕಕ್ಕೆ ಇದಕ್ಕಿಂತ ಉತ್ತರ ಬೇಕೆ?

ಇನ್ನೊಂದು ಹೋರಾಟದ ವಿಷಯ. ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ "ಬಿಳಿ ಮಚ್ಚೆ ಗ್ಯಾರಂಟಿ ವಾಸಿ" ಎಂಬ ಜಾಹೀರಾತು ನೋಡಿರುತ್ತೀರಿ. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ತೊನ್ನು ಹೆಸರಿಟ್ಟು ಸೇರಿದೆ. ಇಂಥ ಜಾಹೀರಾತು ಅಪರಾಧ. ನಮ್ಮತ್ತೆಯ ಓಲೆ, ಒಂದು ಎಮ್ಮೆ ಇಂಥವರ ಬಾಯಿಗೆ ಹೋದವು. ಸಂಘದವರು ಅರ್ಜಿ ಬರೆದು ದೂರು ಕೊಡಬಹುದು, ಕೊಡಬೇಕು. ಜೊತೆಗೆ ಕೇಳಬೇಕಾದದ್ದು ಬೆಳಕಿನ ಯಂತ್ರ. ವಾರಕ್ಕೆ ಎರಡು ಕೂಲಿ, ಎರಡು ಬಸ್ ಚಾರ್ಜು ಕಳೆದುಕೊಂಡು ದೂರದ ಪಟ್ಟಣಕ್ಕೆ ಆರು ತಿಂಗಳು ಓಡಾಡಿ ಅಂದರೆ ಯಾವ ಕೂಲಿ ಹೆಂಗಸು ಹೋಗುತ್ತಾಳೆ? ತಾಲ್ಲೂಕು ಆಸ್ಪತ್ರೆಗೇ ಆ ಯಂತ್ರ, ಚರ್ಮದ ವೈದ್ಯರು ಬೇಕು ಅಂತ ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಒಂದು ಮಾತು ಮುಚ್ಚಿಡಬಾರದು. ಎಲ್ಲರಿಗೂ ಪೂರ್ತಿ ಗುಣವಾಗುವುದಿಲ್ಲ. ಗುಣವಾದದ್ದು ಮದ್ದು ನಿಂತ ಮೇಲೆ ಮತ್ತೆ ಬರಬಹುದು. ಕೆಲವರು ಮದ್ದೇ ಬೇಡ, ಹೀಗೇ ಇರುತ್ತೇನೆ ಅನ್ನಬಹುದು. ಅದೂ ಅವರ ಹಕ್ಕು. ಮದ್ದು ಗೆದ್ದರೂ ಸೋತರೂ ಆ ಮನುಷ್ಯ ನಮ್ಮ ಜೊತೆ ಕೂತು ಉಣ್ಣಬೇಕು. ಗುಣವಾದ ಮೇಲೆ ಬಾ ಅನ್ನುವುದು, ಸ್ನಾನ ಮಾಡಿ ಗುಡಿಗೆ ಬಾ ಅಂದ ಹಾಗೆ.

ನಮ್ಮ ಶಾಲೆಯ ಆ ಹುಡುಗಿ ಈಗ ಮೊದಲನೇ ಬೆಂಚಿನಲ್ಲಿ ಕೂರುತ್ತಾಳೆ. ತಾಯಿತಂದೆಯರ ಸಭೆ ಕರೆದು ಮೇಲೆ ಬರೆದದ್ದನ್ನೆಲ್ಲ ಬಾಯಲ್ಲಿ ಹೇಳಿದೆ. ನಂಬಿದವರು ಕೆಲವರು, ನಂಬದವರು ಕೆಲವರು. ಕೊನೆಗೆ ಅವಳ ತಾಯಿ ತಂದಿದ್ದ ನೀರಿನ ಚೊಂಬು ಈಸಿಕೊಂಡು ಎಲ್ಲರ ಎದುರಿಗೆ ನಾನು ಕುಡಿದೆ, ನಮ್ಮ ಹೆಡ್‌ಮೇಷ್ಟ್ರು ಕುಡಿದರು, ಆಮೇಲೆ ಅಡಿಗೆಯ ಹೆಂಗಸು ಕುಡಿದಳು. ಮಾತಿಗಿಂತ ಅದೇ ಹೆಚ್ಚು ಕೆಲಸ ಮಾಡಿತು. ಮಹಾಡ್‌ನಲ್ಲಿ ಕೆರೆಯ ನೀರು ಕುಡಿದು ತೋರಿಸಿದವರಿಂದ ಕಲಿತ ಪಾಠ ಇದು.

ಅತ್ತೆ ತೀರಿಕೊಂಡು ಬಹಳ ವರ್ಷವಾಯ್ತು. ಕೊನೆಗಾಲದಲ್ಲಿ ಅವಳ ಮೈ ಮುಕ್ಕಾಲು ಬೆಳ್ಳಗಾಗಿತ್ತು. ಅವಳು ಬದುಕಿದ್ದಾಗ ಆ ಲೋಟದಲ್ಲಿ ನಾನು ಒಂದು ಸಲವೂ ನೀರು ಕುಡಿಯಲಿಲ್ಲ. ಹೋಟೆಲಿನ ಮುಂದೆ ಧಿಕ್ಕಾರ ಕೂಗಿದ ಗಂಟಲು ಇದು. ಅವಳು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ: ಇಲ್ಲ ಅತ್ತೆ, ಲೋಟ ಇನ್ನೂ ಒಂದಾಗಿಲ್ಲ. ಓದುತ್ತಿರುವ ಗೆಳೆಯರೆ, ನಿಮ್ಮ ಮನೆಯ ಗೂಡಿನಲ್ಲೂ ಅಂಥದೊಂದು ಲೋಟ ಇದ್ದರೆ ಇವತ್ತೇ ಕೆಳಗಿಳಿಸಿ, ತೊಳೆದು, ಬೇರೆ ಲೋಟಗಳ ಜೊತೆ ಬೆರೆಸಿಡಿ.